ಚೆನ್ನಾಗಿ ಮಾತಾಡಿದವರಿಗೇ ಕೆಲಸ, ಚೆನ್ನಾಗಿ ಕೆಲಸ ಮಾಡುವವರಿಗೆ ಯಾವಾಗ?

ನೇಮಕಾತಿ_ಮೇಜು:
ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಸರಿಯಾದ ಜನ ಸಿಗುತ್ತಿಲ್ಲ ಎನ್ನುವ ದೂರು ಎಲ್ಲ ಕಡೆ ಕೇಳುತ್ತಿದ್ದೇನೆ. ಕಂಪನಿಗಳಿಗೆ ಜನರನ್ನು ಆರಿಸಿಕೊಡುವುದೇ ನನ್ನ ಕೆಲಸ. ನನಗೆ ಕಾಣುವುದು ಬೇರೆ. ಜನ ಇದ್ದಾರೆ. ಅವರಲ್ಲಿ ಏನು ನೋಡಬೇಕು ಎಂದು ನಾವು ಮೊದಲೇ ತೀರ್ಮಾನಿಸಿರುವುದಿಲ್ಲ, ಅಷ್ಟೇ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಯಾರೋ ಕೆಲಸ ಬಿಡುತ್ತಾರೆ. ಹಳೇ ಜಾಹೀರಾತನ್ನೇ ದಿನಾಂಕ ಬದಲಿಸಿ ಹಾಕುತ್ತಾರೆ. ರೆಸ್ಯೂಮೆಗಳ ರಾಶಿ ಬಂದು ಬೀಳುತ್ತದೆ. ಕಾಲೇಜಿನ ಹೆಸರು, ಹಿಂದಿನ ಕಂಪನಿಯ ಹೆಸರು, ಎಷ್ಟು ವರ್ಷದ ಅನುಭವ ಎಂದು ನೋಡಿ ಸೋಸುತ್ತಾರೆ. ಉಳಿದವರನ್ನು ಕರೆಸಿ 'ನಿಮ್ಮ ಬಗ್ಗೆ ಹೇಳಿ', 'ಐದು ವರ್ಷ ಆದಮೇಲೆ ಎಲ್ಲಿರುತ್ತೀರಿ' ಎಂದು ಅರ್ಧ ಗಂಟೆ ಮಾತಾಡಿಸುತ್ತಾರೆ. ಹೊರಗೆ ಹೋದ ತಕ್ಷಣ ಒಬ್ಬರು 'ಚುರುಕಾಗಿದ್ದಾನೆ' ಅನ್ನುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಮುಗಿಯಿತು. ಇದು ಮುಖ ನೋಡಿ ಮಣೆ ಹಾಕುವುದಲ್ಲದೆ ಇನ್ನೇನು?

ನಾನು ಹೇಳುವುದು ಇಷ್ಟು. ಮೊದಲು ಕೆಲಸ ಏನು ಎಂದು ಬರೆಯಿರಿ, ಆಮೇಲೆ ಆ ಕೆಲಸಕ್ಕೆ ವ್ಯಕ್ತಿಯನ್ನು ಹುಡುಕಿ. ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳಿ. ಆ ಕೆಲಸದ ಒಂದು ತುಣುಕನ್ನು ಅವರ ಕೈಯಲ್ಲಿ ಮಾಡಿಸಿ ನೋಡಿ. ಒಪ್ಪದವರೂ ಬರೆಯಿರಿ, ಒಪ್ಪದವರ ಮಾತು ಕೇಳಬೇಕೆಂದೇ ಇದನ್ನು ಹಾಕಿದ್ದೇನೆ.

ಹಳೇ_ಮ್ಯಾನೇಜರ್:
ನಾನು ಒಪ್ಪುವುದಿಲ್ಲ. ಮನುಷ್ಯನನ್ನು ಅಳೆಯುವುದಕ್ಕೆ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಕೂತರೆ ಅದು ಪರೀಕ್ಷೆ ಆಗುತ್ತದೆ, ಸಂದರ್ಶನ ಆಗುವುದಿಲ್ಲ. ಎದುರಿಗೆ ಕೂತವರ ಜೊತೆ ಮಾತಾಡುತ್ತಾ ಹೋದರೆ ಅವರ ಸ್ವಭಾವ ತಾನಾಗೇ ಗೊತ್ತಾಗುತ್ತದೆ. ಒಬ್ಬರಿಗೆ ಕೇಳಿದ್ದನ್ನೇ ಇನ್ನೊಬ್ಬರಿಗೂ ಕೇಳಬೇಕು ಅಂದರೆ ಮಾತು ಮುಂದೆ ಹೋಗುವುದು ಹೇಗೆ? ಇಷ್ಟು ವರ್ಷ ಜನರ ಜೊತೆ ಕೆಲಸ ಮಾಡಿದವರಿಗೆ ಒಂದು ಕಣ್ಣು ಇರುತ್ತದೆ. ಅದಕ್ಕೂ ಬೆಲೆ ಇದೆ, ಅಲ್ವಾ?

ಅಂಕಿ_ನೋಡುವವ:
ಸರ್, ಕಣ್ಣಿಗೆ ಬೆಲೆ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ಆದರೆ ಅದು ಎಷ್ಟು ಸರಿ ಹೇಳುತ್ತದೆ ಎಂದು ಅಳೆದು ನೋಡಿದವರಿದ್ದಾರೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷಗಳ ಸಂಶೋಧನೆಯನ್ನು ಒಟ್ಟು ಹಾಕಿ, ಆಯ್ಕೆಯ ಯಾವ ವಿಧಾನ ಮುಂದಿನ ಕೆಲಸವನ್ನು ಎಷ್ಟು ಚೆನ್ನಾಗಿ ಊಹಿಸುತ್ತದೆ ಎಂದು ಲೆಕ್ಕ ಹಾಕಿದರು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು ಆ ಲೆಕ್ಕವನ್ನು ಮತ್ತೆ ಪರಿಶೀಲಿಸಿ, ಹಳೇ ಅಂಕಿಗಳಲ್ಲಿ ಹಲವು ಇರಬೇಕಾದ್ದಕ್ಕಿಂತ ಜಾಸ್ತಿ ಆಗಿವೆ ಎಂದು ತಿದ್ದಿದರು. ಸೊನ್ನೆ ಎಂದರೆ ಬರೀ ಅದೃಷ್ಟ, ಒಂದು ಎಂದರೆ ಪಕ್ಕಾ ಊಹೆ ಎಂದಿಟ್ಟುಕೊಳ್ಳಿ. ತಿದ್ದಿದ ಲೆಕ್ಕದಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಹಾಕುವ ಸಂದರ್ಶನಕ್ಕೆ 0.42. ಅದೇ ಎಲ್ಲಕ್ಕಿಂತ ಮೇಲೆ. ಬಾಯಿಗೆ ಬಂದಂತೆ ಮಾತಾಡುವ ಸಂದರ್ಶನಕ್ಕೆ 0.19. ಕೆಲಸದ ತುಣುಕು ಮಾಡಿಸುವುದಕ್ಕೆ 0.33. ನಾವು ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುವ 'ಇಷ್ಟು ವರ್ಷ ಅನುಭವ' ಇದೆಯಲ್ಲ, ಅದಕ್ಕೆ ಬರೀ 0.07.

ಇದರಲ್ಲಿ ಯಾವುದೂ ಒಂದರ ಹತ್ತಿರ ಹೋಗಿಲ್ಲ, ಅದನ್ನೂ ಗಮನಿಸಿ. ಯಾವ ವಿಧಾನ ಹಿಡಿದರೂ ತಪ್ಪು ಆಯ್ಕೆ ಆಗೇ ಆಗುತ್ತದೆ. ಎಷ್ಟು ಕಡಿಮೆ ಮಾಡಬಹುದು ಎನ್ನುವುದಷ್ಟೇ ನಮ್ಮ ಕೈಯಲ್ಲಿದೆ.

ಇನ್ನೊಂದು ಪ್ರಯೋಗ ಹೇಳಲೇಬೇಕು. ಜೇಸನ್ ಡಾನಾ, ರಾಬಿನ್ ಡಾಸ್, ನಥಾನಿಯಲ್ ಪೀಟರ್ಸನ್ ಎಂಬುವರು 2013ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳು ಬೇರೆ ವಿದ್ಯಾರ್ಥಿಗಳನ್ನು ಸಂದರ್ಶಿಸಿ ಅವರ ಮುಂದಿನ ಅಂಕ ಊಹಿಸಬೇಕಿತ್ತು. ಹಳೇ ಅಂಕ ಮೊದಲೇ ಗೊತ್ತಿತ್ತು. ಕೆಲವು ಕಡೆ ಉತ್ತರ ಕೊಡುವವರಿಗೆ, ಪ್ರಶ್ನೆಯ ಕೊನೇ ಪದಗಳ ಅಕ್ಷರ ನೋಡಿ ಹೌದು ಅಥವಾ ಇಲ್ಲ ಎಂದು ಹೇಳಿಬಿಡಿ ಎಂದು ಹೇಳಿಕೊಟ್ಟಿದ್ದರು. ಅಂದರೆ ಉತ್ತರಗಳಿಗೆ ಅರ್ಥವೇ ಇರಲಿಲ್ಲ. ಆದರೂ ಸಂದರ್ಶನ ಮಾಡಿದವರಿಗೆ ಎದುರಿನವರ ಬಗ್ಗೆ ಏನೋ ಗೊತ್ತಾಯಿತು ಎಂದೇ ಅನಿಸಿತು. ಸುಮ್ನೆ ಹಳೇ ಅಂಕ ನೋಡಿ ಊಹಿಸಿದ್ದರೆ ಇನ್ನೂ ಹತ್ತಿರ ಹೋಗುತ್ತಿತ್ತು. ಸಂದರ್ಶನ ಮಾಡಿ ಊಹೆ ಕೆಟ್ಟಿತು.

ಹಳೇ_ಮ್ಯಾನೇಜರ್:
ವಿದ್ಯಾರ್ಥಿಗಳು ಮಾಡಿದ ಸಂದರ್ಶನವನ್ನು ಇಟ್ಟುಕೊಂಡು ಅನುಭವಸ್ಥರನ್ನು ಅಳೆಯುವುದು ಎಷ್ಟು ಸರಿ? ನೀವು ಕೊಟ್ಟ ಅಂಕಿಗಳನ್ನು ನಂಬುತ್ತೇನೆ, ಇರಲಿ. ಆದರೆ ಒಳಗಿಂದ 'ಇವರು ಬೇಡ' ಎಂದು ಅನಿಸಿದರೆ ಅದನ್ನು ಏನು ಮಾಡಬೇಕು? ನುಂಗಿಕೊಳ್ಳಬೇಕಾ?

ನೇಮಕಾತಿ_ಮೇಜು:
ನುಂಗಿಕೊಳ್ಳಬೇಡಿ ಸರ್, ಕೊನೆಗೆ ಇಟ್ಟುಕೊಳ್ಳಿ. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ 1950ರ ದಶಕದಲ್ಲಿ ಇಸ್ರೇಲ್ ಸೇನೆಗೆ ಸಂದರ್ಶನದ ವಿಧಾನ ರೂಪಿಸಿಕೊಟ್ಟಿದ್ದರು. ಆರು ಗುಣಗಳು. ಒಂದೊಂದಕ್ಕೂ ನಡೆದ ಸಂಗತಿಗಳ ಬಗ್ಗೆಯೇ ಪ್ರಶ್ನೆ. ಒಂದು ಗುಣಕ್ಕೆ ಅಂಕ ಹಾಕಿದಮೇಲೆ ಮಾತ್ರ ಮುಂದಿನದು. ಸಂದರ್ಶಕರು ಇದರ ವಿರುದ್ಧ ನೀವು ಕೇಳಿದ ಹಾಗೆಯೇ ದೂರಿದರು. ಆಗ ಕಾನೆಮನ್, ಎಲ್ಲ ಅಂಕ ಹಾಕಿದ ಮೇಲೆ ಕಣ್ಣು ಮುಚ್ಚಿ ಈ ಹುಡುಗ ಸೈನಿಕನಾಗಿ ಹೇಗಿರುತ್ತಾನೆ ಎಂದು ಯೋಚಿಸಿ ಇನ್ನೊಂದು ಅಂಕ ಹಾಕಿ ಎಂದರು. ಆ ಕೊನೇ ಅಂಕವೂ ಉಪಯೋಗಕ್ಕೆ ಬಂತು. ಮೊದಲ ಐದು ನಿಮಿಷದಲ್ಲಿ ಹುಟ್ಟಿದ ಅನಿಸಿಕೆಗೂ, ಎಲ್ಲ ಕೇಳಿ ಬರೆದುಕೊಂಡ ಮೇಲೆ ಹುಟ್ಟಿದ ಅನಿಸಿಕೆಗೂ ಬಹಳ ವ್ಯತ್ಯಾಸವಿದೆ.

ಮೊದಲ ಅನಿಸಿಕೆಯ ತೊಂದರೆ ಏನೆಂದರೆ ಅದು ಬೇರೆ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ತೋರಿಸಿದ್ದರು. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಹಾಕಿದ ಅಂಕ ನೋಡಿದರೆ, ಮೈಕಟ್ಟು ಚೆನ್ನಾಗಿದೆ ಎಂದವರಿಗೆ ಬುದ್ಧಿಯಲ್ಲೂ, ಸ್ವಭಾವದಲ್ಲೂ ಒಳ್ಳೇ ಅಂಕ ಬಿದ್ದಿತ್ತು. ಮಾತು ಚೆನ್ನಾಗಿ ಬರುವವರ ವಿಷಯದಲ್ಲಿ ನಾವು ಮಾಡುವುದು ಇದನ್ನೇ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಬದುಕಲಿ, ಸಂತೋಷ. ಆದರೆ ಬಾಯಿ ಕಡಿಮೆ ಇರುವವರಿಗೆ ಸಿಗಬೇಕಾದ ಕೆಲಸ ಬಾಯಿ ಇದ್ದವರ ಪಾಲಿಗೆ ಹೋಗಬಾರದು.

ಸಣ್ಣ_ಉದ್ಯಮಿ:
ಇದೆಲ್ಲ ದೊಡ್ಡ ಕಂಪನಿಗಳಿಗೆ ಸರಿ. ನಮ್ಮಲ್ಲಿ ಎಚ್‌ಆರ್ ವಿಭಾಗ ಇಲ್ಲ. ಜಾಹೀರಾತು ಬರೆಯುವುದು ನಾನೇ, ಫೋನ್ ಮಾಡುವುದು ನಾನೇ, ಸಂದರ್ಶನವೂ ನಾನೇ. ಈಗ ಗ್ರಾಹಕರ ದೂರು ನೋಡಿಕೊಳ್ಳುವುದಕ್ಕೆ ಒಬ್ಬರು ಬೇಕು. ಬಂದವರೆಲ್ಲ 'ನನಗೆ ತಾಳ್ಮೆ ಜಾಸ್ತಿ' ಎನ್ನುತ್ತಾರೆ, ಅದು ನಿಜವೋ ಸುಳ್ಳೋ ತಿಳಿಯುವುದು ಕೆಲಸಕ್ಕೆ ಸೇರಿದ ಮೇಲೆ. ಒಬ್ಬನೇ ಇರುವವನು ಎಲ್ಲಿಂದ ಶುರು ಮಾಡಬೇಕು, ಅದನ್ನು ಹೇಳಿ.

ನೇಮಕಾತಿ_ಮೇಜು:
ನಿಮಗೇ ಇದು ಸುಲಭ, ಯಾಕೆಂದರೆ ಆ ಕೆಲಸ ನಿಮ್ಮ ಕಣ್ಣೆದುರಿಗೇ ನಡೆಯುತ್ತದೆ. ಈಗ ದೂರು ನೋಡುತ್ತಿರುವವರನ್ನು ಕೂರಿಸಿಕೊಂಡು ಕೇಳಿ: ಯಾವ ದಿನ ಕೆಲಸ ತುಂಬಾ ಚೆನ್ನಾಗಿ ಆಯಿತು, ಯಾವ ದಿನ ಕೆಟ್ಟಿತು, ಆಗ ನಿಜವಾಗಿ ಏನು ಮಾಡಿದಿರಿ? ಈ ವಿಧಾನವನ್ನು ಜಾನ್ ಫ್ಲಾನಗನ್ 1954ರಲ್ಲಿ ಬರೆದಿಟ್ಟರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಗೆ ಕೆಲಸ ಮಾಡುವಾಗ ಬೆಳೆಸಿದ್ದು ಅದು. ಹೀಗೆ ಕೇಳಿದರೆ 'ತಾಳ್ಮೆ' ಎಂಬ ದೊಡ್ಡ ಮಾತು ಹೋಗಿ ಸಣ್ಣ ಸಣ್ಣ ಕೆಲಸಗಳು ಸಿಗುತ್ತವೆ. ಪೂರ್ತಿ ಕೇಳಿಸಿಕೊಳ್ಳುವುದು, ಕೈಲಾಗದ್ದನ್ನು ಮಾಡಿಕೊಡುತ್ತೇನೆ ಎನ್ನದಿರುವುದು, ಹೇಳಿದ ದಿನ ಮರಳಿ ಫೋನ್ ಮಾಡುವುದು. ಇಂಥ ನಾಲ್ಕೈದು ಸಾಕು.

ಈಗ ಪ್ರಶ್ನೆ. 'ತಪ್ಪು ನಿಮ್ಮದಲ್ಲದಿದ್ದರೂ ನಿಮ್ಮ ಮೇಲೆ ಯಾರೋ ರೇಗಾಡಿದ ಒಂದು ಸಂದರ್ಭ ಹೇಳಿ. ಅವರು ಏನೆಂದರು, ನೀವು ಏನೆಂದಿರಿ, ಕೊನೆಗೆ ಏನಾಯಿತು?' ಉತ್ತರ ಕೇಳುವ ಮೊದಲೇ ಯಾವುದಕ್ಕೆ ಎಷ್ಟು ಅಂಕ ಎಂದು ಬರೆದಿಟ್ಟುಕೊಳ್ಳಿ. 'ನಾನು ಯಾವಾಗಲೂ ಸಮಾಧಾನವಾಗಿಯೇ ಇರುತ್ತೇನೆ' ಎಂದು ಮಾತ್ರ ಹೇಳಿದರೆ 1. ಒಂದು ನಿಜವಾದ ಘಟನೆ ಹೇಳಿ, ಕ್ಷಮೆ ಕೇಳಿ ಮೇಲಿನವರಿಗೆ ದಾಟಿಸಿದೆ ಎಂದರೆ 3. ಎದುರಿನವರಿಗೆ ನಿಜವಾಗಿ ಬೇಕಾಗಿದ್ದು ಏನು ಎಂದು ಕಂಡುಕೊಂಡಿದ್ದು, ಅದಕ್ಕೆ ಏನು ಮಾಡಿದ್ದು, ಆಮೇಲೆ ವಿಚಾರಿಸಿದ್ದು ಎಲ್ಲ ಬಂದರೆ 5. ಹೊಸಬರಾದರೆ ಆಫೀಸಿನದೇ ಆಗಬೇಕಿಲ್ಲ, ಕಾಲೇಜಿನದೋ ಮನೆಯದೋ ಘಟನೆ ಆದರೂ ಸರಿ.

ಆಮೇಲೆ ಮೂರು ಪತ್ರ ಕೊಡಿ. ಒಂದರಲ್ಲಿ ಬರೀ ಬೈಗುಳ ಇರಲಿ, ಕೇಳುತ್ತಿರುವುದು ಮಾತ್ರ ಸಣ್ಣ ವಿಷಯ. ಎರಡನೆಯದು ತುಂಬಾ ಮರ್ಯಾದೆಯಿಂದ ಬರೆದದ್ದು, ಆದರೆ ಇದೇ ವಿಷಯಕ್ಕೆ ಮೂರನೇ ಸಲ ಬರೆಯುತ್ತಿದ್ದೇನೆ ಎಂದು ಕೊನೇ ಸಾಲಿನಲ್ಲಿ ಮಾತ್ರ ಇರಲಿ. ಮೂರನೆಯದಕ್ಕೆ ಉತ್ತರಿಸಲು ಬೇಕಾದ ಮಾಹಿತಿಯೇ ಪತ್ರದಲ್ಲಿ ಇಲ್ಲದಿರಲಿ. ಯಾವುದಕ್ಕೆ ಮೊದಲು ಉತ್ತರಿಸುತ್ತೀರಿ ಎಂದು ಕೇಳಿ, ಬರೆಯಲು ಅರ್ಧ ಗಂಟೆ ಕೊಡಿ. ಬೈಗುಳದ ಪತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ಎರಡನೇ ಪತ್ರದ ಕೊನೇ ಸಾಲನ್ನು ಯಾರು ಓದಿದರು ಎಂದು ನೋಡಿ. ಮೂರನೆಯದಕ್ಕೆ ಊಹೆ ಮಾಡಿ ಉತ್ತರ ಬರೆದರಾ, ಇಲ್ಲ ಬೇಕಾದ ಮಾಹಿತಿ ಕೇಳಿದರಾ ನೋಡಿ. 'ನನಗೆ ತಾಳ್ಮೆ ಜಾಸ್ತಿ' ಎನ್ನುವ ಮಾತಿಗಿಂತ ಈ ಅರ್ಧ ಗಂಟೆ ನಿಮಗೆ ಎಷ್ಟೋ ಹೆಚ್ಚು ಹೇಳುತ್ತದೆ.

ಲೆಕ್ಕದ_ಪುಸ್ತಕ:
ಇದು ನಮ್ಮ ಕಡೆ ಬಹಳ ಚೆನ್ನಾಗಿ ನಡೆಯುತ್ತದೆ. ಲೆಕ್ಕ ಬರೆಯುವವರನ್ನು ತೆಗೆದುಕೊಳ್ಳುವಾಗ ನಾನು ಒಂದು ತಿಂಗಳ ಕ್ಯಾಶ್ ಪುಸ್ತಕ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು ತಾಳೆ ಮಾಡಿ ಎನ್ನುತ್ತೇನೆ. ಹೆಸರುಗಳೆಲ್ಲ ಬದಲಾಯಿಸಿದ ಹಳೇ ಕಾಗದ. ಒಂದು ಬಿಲ್ ಎರಡು ಸಲ ಏರಿರುತ್ತದೆ. ಒಂದು ಕಡೆ 5,630 ಇರಬೇಕಾದ್ದು 5,360 ಆಗಿರುತ್ತದೆ. ವ್ಯತ್ಯಾಸ 270, ಒಂಬತ್ತರಿಂದ ಭಾಗ ಹೋಗುತ್ತದೆ, ಅಂಕಿ ಅದಲುಬದಲಾಗಿದೆ ಎಂದು ಪಳಗಿದವರು ಅಲ್ಲೇ ಹಿಡಿಯುತ್ತಾರೆ. ಇನ್ನೊಂದು ಚೆಕ್ ಬರೆದಾಗಿದೆ, ಬ್ಯಾಂಕಿನಲ್ಲಿ ಇನ್ನೂ ಪಾಸ್ ಆಗಿಲ್ಲ, ಅದು ತಪ್ಪೇ ಅಲ್ಲ. ಆದರೂ ಮೊತ್ತ ಸರಿಹೋಗಲಿ ಎಂದು ಅದನ್ನು ಹೊಡೆದುಹಾಕುವವರು ಇದ್ದಾರೆ. ಅಂಥವರನ್ನು ನಾನು ತೆಗೆದುಕೊಳ್ಳುವುದಿಲ್ಲ, ಎಷ್ಟೇ ಡಿಗ್ರಿ ಇರಲಿ. ಗೊತ್ತಾಗದಿದ್ದಾಗ 'ಇದು ಯಾಕೆ ಹೀಗಿದೆ' ಎಂದು ಬಂದು ಕೇಳಿದವರಿಗೆ ಪೂರ್ತಿ ಅಂಕ.

ಕೆಲಸ_ಹುಡುಕುತ್ತಿರುವವ:
ಕೆಲಸ ಕೊಡುವವರೇ ಮಾತಾಡುತ್ತಿದ್ದೀರಿ, ಈ ಕಡೆಯವರದ್ದೂ ಸ್ವಲ್ಪ ಕೇಳಿ. ಕೆಲಸದ ತುಣುಕು ಮಾಡಿಸಿ ಎನ್ನುತ್ತೀರಲ್ಲ, ಒಂದು ಕಂಪನಿ ನನಗೆ ವಾರಾಂತ್ಯ ಪೂರ್ತಿ ಹಿಡಿಯುವಷ್ಟು ಕೆಲಸ ಕೊಟ್ಟಿತು. ಅವರ ಹೊಸ ಉತ್ಪನ್ನಕ್ಕೆ ಪ್ರಚಾರದ ಯೋಜನೆ ಬರೆದುಕೊಡಬೇಕಿತ್ತು. ಮಾಡಿ ಕಳಿಸಿದೆ. ಆಮೇಲೆ ಸುದ್ದಿಯೇ ಇಲ್ಲ. ಮೇಲ್‌ಗೆ ಉತ್ತರವಿಲ್ಲ, ಫೋನ್ ಎತ್ತುವುದಿಲ್ಲ. ಅದು ಪರೀಕ್ಷೆಯಾ, ಇಲ್ಲ ಪುಕ್ಕಟೆ ಕೆಲಸವಾ? ಇನ್ನೊಂದು ಕಡೆ ಒಂದಾದ ಮೇಲೆ ಒಂದು ಸುತ್ತು. ಪ್ರತಿ ಸುತ್ತಿನಲ್ಲೂ ಹೊಸಬರು ಬಂದು 'ನಿಮ್ಮ ಬಗ್ಗೆ ಹೇಳಿ' ಅನ್ನುತ್ತಾರೆ. ಹಿಂದಿನವರು ಬರೆದುಕೊಂಡಿದ್ದನ್ನು ಓದಿ ಬಂದವರು ಒಬ್ಬರೂ ಇರಲಿಲ್ಲ. ಇರುವ ಕೆಲಸಕ್ಕೆ ರಜೆ ಹಾಕಿ ಬರುತ್ತೇವೆ, ಅದನ್ನೂ ಸ್ವಲ್ಪ ಯೋಚಿಸಿ.

ಕೋಡ್_ಬರೆಯೋಳು:
ನಿಮ್ಮ ಸಿಟ್ಟು ನ್ಯಾಯವಾದದ್ದು. ನಾನು ಎರಡೂ ಕಡೆ ಕೂತಿದ್ದೇನೆ. ನಮ್ಮ ತಂಡ ಈಗ ಹೀಗೆ ಮಾಡುತ್ತದೆ: ಕೊಡುವ ಕೆಲಸ ಎರಡು ಗಂಟೆ ಮೀರುವಂತಿಲ್ಲ, ನಮ್ಮ ಉತ್ಪನ್ನಕ್ಕೆ ಉಪಯೋಗಕ್ಕೆ ಬರುವಂಥದ್ದು ಆಗಿರುವಂತಿಲ್ಲ, ಜಾಸ್ತಿ ಹೊತ್ತು ಬೇಕಾದರೆ ದುಡ್ಡು ಕೊಡಬೇಕು. ಮೊದಲ ಫೋನ್ ಮಾತುಕತೆಗೂ ಮುಂಚೆ ಯಾರಿಗೂ ಕೆಲಸ ಕೊಡುವುದಿಲ್ಲ. ಆಯ್ಕೆ ಆಗದವರಿಗೆ ನಾಲ್ಕು ಸಾಲು ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ಅಷ್ಟೂ ಬರೆಯದಿದ್ದರೆ ಅದು ಅವಮಾನವೇ.

ಸುತ್ತುಗಳ ವಿಷಯಕ್ಕೆ ಬಂದರೆ, ಗೂಗಲ್ ತನ್ನದೇ ದಾಖಲೆ ತೆಗೆದು ನೋಡಿ ನಾಲ್ಕು ಸಂದರ್ಶನ ಸಾಕು, ಆಮೇಲಿನವು ಹೆಚ್ಚೇನೂ ತಿಳಿಸುವುದಿಲ್ಲ ಎಂದು ಕಂಡುಕೊಂಡಿತ್ತು. ವಿಮಾನದಲ್ಲಿ ಎಷ್ಟು ಚೆಂಡು ಹಿಡಿಸುತ್ತವೆ ಎನ್ನುವಂಥ ಒಗಟಿನ ಪ್ರಶ್ನೆಗಳಿಂದ ಏನೂ ಗೊತ್ತಾಗುವುದಿಲ್ಲ, ಕೇಳುವವರಿಗೆ ತಾವು ಬುದ್ಧಿವಂತರು ಎಂದು ಅನಿಸುತ್ತದೆ ಅಷ್ಟೇ ಎಂದು ಅಲ್ಲಿನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ 2013ರಲ್ಲೇ ಹೇಳಿದ್ದರು. ಇಷ್ಟಾದರೂ ಆ ಪ್ರಶ್ನೆಗಳು ಇನ್ನೂ ಓಡಾಡುತ್ತಿವೆ.

ಸಣ್ಣ_ಉದ್ಯಮಿ:
ರೆಸ್ಯೂಮೆ ಸೋಸುವುದನ್ನು ಎಐಗೆ ಬಿಟ್ಟುಬಿಡಿ ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಒಂದು ಜಾಹೀರಾತಿಗೆ ನೂರಾರು ಬರುತ್ತವೆ, ಬಹಳಷ್ಟು ಒಂದೇ ಥರ ಇರುತ್ತವೆ, ಅವನ್ನೂ ಎಐ ಕೈಲೇ ಬರೆಸಿರುತ್ತಾರೆ ಅನಿಸುತ್ತದೆ. ಇದರ ಬಗ್ಗೆ ಏನು ಹೇಳುತ್ತೀರಿ?

ಅಂಕಿ_ನೋಡುವವ:
ಹುಷಾರಾಗಿರಿ. ಅಮೆಜಾನ್ 2014ರಿಂದ ಇಂಥದ್ದೇ ಒಂದು ಸಾಧನ ತಯಾರಿಸುತ್ತಿತ್ತು. ಹತ್ತು ವರ್ಷ ಬಂದ ರೆಸ್ಯೂಮೆಗಳನ್ನು ಕೊಟ್ಟು ಅದಕ್ಕೆ ಕಲಿಸಿದರು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಹಾಗಾಗಿ ಮಹಿಳೆಯರ ಚೆಸ್ ಕ್ಲಬ್ಬಿನ ನಾಯಕಿ ಎಂಬಂಥ ಸಾಲು ಕಂಡರೆ ಅದು ಅಂಕ ಕಡಿಮೆ ಮಾಡುತ್ತಿತ್ತು. ಕಂಪನಿ ಅದನ್ನು ಕೈಬಿಟ್ಟಿತು, 2018ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್ ಇದನ್ನು ಬಯಲಿಗೆ ತಂದಿತು. ಹಳೇ ಆಯ್ಕೆಗಳಲ್ಲಿ ಯಾವ ಓರೆ ಇರುತ್ತದೋ ಯಂತ್ರ ಅದನ್ನೇ ಕಲಿಯುತ್ತದೆ.

ಹಾಗೆಂದು ಮನುಷ್ಯರು ಸೋಸಿದರೆ ಸರಿಹೋಗುತ್ತದೆ ಎಂದೂ ಅಲ್ಲ. ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಬಾಸ್ಟನ್ ಮತ್ತು ಶಿಕಾಗೋದ ಜಾಹೀರಾತುಗಳಿಗೆ ಸುಮಾರು 5,000 ರೆಸ್ಯೂಮೆ ಕಳಿಸಿ ನೋಡಿದ್ದರು. ಎಲ್ಲ ಅವರೇ ತಯಾರಿಸಿದ್ದು, ಹೆಸರನ್ನು ಮಾತ್ರ ಕಂಡ ಕಂಡ ಹಾಗೆ ಹಂಚಿದ್ದು. ಬಿಳಿಯರದು ಎಂದು ತೋರುವ ಹೆಸರಿಗೆ ಕರಿಯರದು ಎಂದು ತೋರುವ ಹೆಸರಿಗಿಂತ ಶೇ. 50ರಷ್ಟು ಹೆಚ್ಚು ಕರೆ ಬಂತು. ಇದು 2004ರಲ್ಲಿ ಪ್ರಕಟವಾಯಿತು. ಆ ರೆಸ್ಯೂಮೆ ಓದಿ ಸೋಸಿದವರಲ್ಲಿ ಎಷ್ಟು ಜನಕ್ಕೆ ತಾವು ಹೀಗೆ ಮಾಡುತ್ತಿದ್ದೇವೆ ಎಂದು ಗೊತ್ತಿತ್ತೋ! ಅದಕ್ಕೇ ಹೆಸರು, ಫೋಟೋ, ವಯಸ್ಸು, ವಿಳಾಸ ಮುಚ್ಚಿ ಓದಿ ಎನ್ನುವುದು. ನೂರಾರು ಬರುತ್ತವೆ ಎಂದರೆ ರೆಸ್ಯೂಮೆ ಬದಲು ಕೆಲಸಕ್ಕೆ ಸಂಬಂಧಪಟ್ಟ ಎರಡು ಸಣ್ಣ ಪ್ರಶ್ನೆಗೆ ಉತ್ತರ ಬರೆದು ಕಳಿಸಿ ಎನ್ನಿ. ಸುಮ್ನೆ ಎಲ್ಲ ಕಡೆ ಅರ್ಜಿ ಎಸೆಯುವವರು ಅಲ್ಲೇ ಕಡಿಮೆಯಾಗುತ್ತಾರೆ.

ಕೆಲಸ_ಹುಡುಕುತ್ತಿರುವವ:
ಡಿಗ್ರಿ ವಿಷಯವನ್ನೂ ಯಾರಾದರೂ ಎತ್ತಿ. ನಾನು ಮಾಡಬಲ್ಲ ಕೆಲಸಕ್ಕೆ ಡಿಗ್ರಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿಯೇ ಮುಂದೆ ಹೋಗುವುದಿಲ್ಲ.

ನೇಮಕಾತಿ_ಮೇಜು:
ಎತ್ತಲೇಬೇಕಾದ ವಿಷಯ. ಇದು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿ ಒಳ್ಳೇ ಹುದ್ದೆಗಳಿಗೆ ಹೈಸ್ಕೂಲ್ ಪ್ರಮಾಣಪತ್ರ ಮತ್ತು ಎರಡು ಸಾಮಾನ್ಯ ಪರೀಕ್ಷೆ ಕಡ್ಡಾಯ ಮಾಡಿತ್ತು. ಅವು ಆ ಕೆಲಸಕ್ಕೆ ಬೇಕೇ ಬೇಕು ಎಂದು ತೋರಿಸಲು ಅದಕ್ಕೆ ಆಗಲಿಲ್ಲ. ಹೊರಗುಳಿದವರಲ್ಲಿ ಕರಿಯ ನೌಕರರೇ ಹೆಚ್ಚು. 1971ರಲ್ಲಿ ಕೋರ್ಟ್ ನೌಕರರ ಪರ ತೀರ್ಪು ಕೊಟ್ಟಿತು. ಕೇಳುವ ಅರ್ಹತೆಗೂ ಮಾಡುವ ಕೆಲಸಕ್ಕೂ ಸಂಬಂಧ ಇರಬೇಕು ಎನ್ನುವುದು ಅದರ ತಿರುಳು. ಕಾನೂನು ಎಲ್ಲಿ ಏನೇ ಇರಲಿ, ಜಾಹೀರಾತಿನ ಪ್ರತಿ ಸಾಲಿಗೂ ಈ ಪ್ರಶ್ನೆ ಹಾಕಿಕೊಳ್ಳಿ: ಇದು ಇಲ್ಲದವರು ನಿಜವಾಗಿ ಯಾವ ಕೆಲಸ ಮಾಡಲಾರರು? ಉತ್ತರ ಹೊಳೆಯದಿದ್ದರೆ ಆ ಸಾಲು ತೆಗೆಯಿರಿ. ಡಾಕ್ಟರಿಗೆ, ಎಲೆಕ್ಟ್ರಿಷಿಯನ್‌ಗೆ ಪ್ರಮಾಣಪತ್ರ ಬೇಕು, ಅದು ಬೇರೆ ಮಾತು.

'ನಮ್ಮ ವಾತಾವರಣಕ್ಕೆ ಹೊಂದುವುದಿಲ್ಲ' ಎನ್ನುವ ಮಾತಿಗೂ ಇದೇ ಪ್ರಶ್ನೆ ಹಾಕಿ. ತಪ್ಪು ಮುಚ್ಚಿಡುತ್ತಾರೆ, ಸಹೋದ್ಯೋಗಿಗಳ ಬಗ್ಗೆ ಹಗುರಾಗಿ ಮಾತಾಡಿದರು ಎಂದರೆ ಅದು ಕಾರಣ. ನಮ್ಮ ಥರ ನಗುವುದಿಲ್ಲ, ನಮ್ಮ ಥರ ಮಾತಾಡುವುದಿಲ್ಲ ಎಂದರೆ ಅದು ಕಾರಣವೇ ಅಲ್ಲ.

ಹಳೇ_ಮ್ಯಾನೇಜರ್:
ಇಷ್ಟು ಹೊತ್ತು ಓದಿದೆ. ಹಿಂದಿನ ಕಡೆ ವಿಚಾರಿಸುವುದರ ಬಗ್ಗೆ ಯಾರೂ ಬರೆದಿಲ್ಲ, ಅದರಲ್ಲಿ ನನಗೆ ನಂಬಿಕೆ ಜಾಸ್ತಿ. ಆದರೆ 'ಹೇಗಿದ್ದರು' ಎಂದು ಕೇಳಬೇಡಿ, 'ಒಳ್ಳೆಯವರು' ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. 'ಅವರಿಗೆ ಯಾವ ಥರದ ಕೆಲಸ ಕೊಟ್ಟರೆ ಚೆನ್ನಾಗಿ ಮಾಡುತ್ತಾರೆ, ಯಾವುದರಲ್ಲಿ ಜೊತೆಗೆ ಒಬ್ಬರು ಬೇಕು, ಮತ್ತೆ ಅವಕಾಶ ಸಿಕ್ಕರೆ ನೀವೇ ತೆಗೆದುಕೊಳ್ಳುತ್ತೀರಾ' ಎಂದು ಕೇಳಿ. ಕೊನೇ ಪ್ರಶ್ನೆಗೆ ಉತ್ತರ ತಡವಾಗಿ ಬಂದರೆ ಇನ್ನೊಂದು ಪ್ರಶ್ನೆ ಕೇಳಿ. ಮತ್ತೆ, ಅಭ್ಯರ್ಥಿ ಒಪ್ಪದೆ ಈಗ ಕೆಲಸ ಮಾಡುತ್ತಿರುವ ಕಡೆ ಫೋನ್ ಮಾಡಬೇಡಿ, ಅವರ ಇರುವ ಕೆಲಸಕ್ಕೇ ಕುತ್ತು ಬರುತ್ತದೆ.

ಕೋಡ್_ಬರೆಯೋಳು:
ಇದು ತುಂಬಾ ಉಪಯೋಗದ ಮಾತು ಸರ್. ನಾನು ಒಂದು ಸೇರಿಸುತ್ತೇನೆ. ಕೆಲಸದ ಕಷ್ಟವನ್ನೂ ಮೊದಲೇ ಹೇಳಿ. ರಾತ್ರಿ ಕರೆ ಬರುತ್ತದಾ, ಹೇಳಿ. ಹಳೇ ಗಲೀಜು ಕೋಡ್ ಇದೆಯಾ, ತೆರೆದು ತೋರಿಸಿ. ಜಾನ್ ವಾನಸ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೂರವಾಣಿ ಆಪರೇಟರ್ ಕೆಲಸಕ್ಕೆ ಬರುವವರಲ್ಲಿ ಒಂದು ಗುಂಪಿಗೆ ಹೊಗಳಿಕೆಯ ಫಿಲ್ಮ್, ಇನ್ನೊಂದು ಗುಂಪಿಗೆ ಇದ್ದದ್ದು ಇದ್ದ ಹಾಗೆ ತೋರಿಸುವ ಫಿಲ್ಮ್ ಹಾಕಿದ್ದರು. ನಿಜ ನೋಡಿ ಸೇರಿದವರಲ್ಲಿ ಕೆಲಸ ಬಿಡುವ ಯೋಚನೆ ಕಡಿಮೆ ಇತ್ತು. ನಿಜ ಹೇಳಿದರೆ ಜನ ಓಡಿಹೋಗುತ್ತಾರೆ ಎಂಬ ಭಯ ಬೇಡ. ಓಡಿಹೋಗುವವರು ಮೂರು ತಿಂಗಳ ನಂತರ ಹೋಗುವ ಬದಲು ಈಗಲೇ ಹೋಗಲಿ ಬಿಡಿ.

ಸಣ್ಣ_ಉದ್ಯಮಿ:
ಮೂರು ಪತ್ರ ಬರೆಯಲು ಇವತ್ತೇ ಕೂರುತ್ತೇನೆ. ಒಂದು ಕೊನೇ ಪ್ರಶ್ನೆ. ಸಂದರ್ಶನಕ್ಕೆ ನನ್ನ ಜೊತೆ ಈಗ ದೂರು ನೋಡುತ್ತಿರುವವರನ್ನೂ ಕೂರಿಸಿಕೊಳ್ಳಬಹುದಾ? ನಾನು ಮಾಲೀಕ, ನಾನು ಹೇಳಿದ್ದಕ್ಕೆ ಅವರು ಹೂಂ ಎನ್ನುತ್ತಾರೇನೋ ಎಂಬ ಅನುಮಾನ.

ನೇಮಕಾತಿ_ಮೇಜು:
ಖಂಡಿತ ಕೂರಿಸಿಕೊಳ್ಳಿ, ಆ ಕೆಲಸ ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೆ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಅಂಕ ಬರೆಯಿರಿ. ಅಭ್ಯರ್ಥಿ ಹೊರಗೆ ಹೋದ ಮೇಲೆ ಒಂದು ಮಾತೂ ಆಡದೆ ಬರೆದು ಮುಗಿಸಿ, ಆಮೇಲೆ ಹಾಳೆಗಳನ್ನು ಪಕ್ಕದಲ್ಲಿ ಇಡಿ. ಎಲ್ಲಿ ನೀವು 2 ಹಾಕಿದ್ದೀರೋ ಅವರು 5 ಹಾಕಿದ್ದಾರೋ ಅದರ ಬಗ್ಗೆ ಮಾತ್ರ ಮಾತಾಡಿ, ಮೊದಲು ಅವರು ಮಾತಾಡಲಿ. ಹಾಳೆಗಳನ್ನು ಎಸೆಯಬೇಡಿ. ಸೇರಿದವರು ಆರು ತಿಂಗಳು ಕೆಲಸ ಮಾಡಿದ ಮೇಲೆ ಅದೇ ಹಾಳೆ ತೆಗೆದು, ಯಾವ ಪ್ರಶ್ನೆಯ ಅಂಕ ಕೆಲಸದಲ್ಲೂ ಹಾಗೇ ಕಾಣಿಸಿತು, ಯಾವುದು ಕಾಣಿಸಲಿಲ್ಲ ಎಂದು ಗುರುತು ಹಾಕಿ. ಕೆಲಸಕ್ಕೆ ಬಾರದ ಪ್ರಶ್ನೆಯನ್ನು ಮುಂದಿನ ಸಲ ಬದಲಾಯಿಸಿ. ಪತ್ರಗಳು ತಯಾರಾದ ಮೇಲೆ ಗ್ರಾಹಕರ ಹೆಸರು ತೆಗೆದು ಇಲ್ಲಿ ಹಾಕಿ, ಆ ಎರಡನೇ ಪತ್ರದ ಕೊನೇ ಸಾಲು ತೀರಾ ಸುಲಭಕ್ಕೆ ಕಾಣುತ್ತದಾ ಎಂದು ನೋಡಿ ಹೇಳುತ್ತೇವೆ.